ಅಗ್ಗದ ಡೀಸೆಲ್ ಎಂಜಿನ್ ಮತ್ತು ಬಿಡಿಭಾಗದ ಪ್ರಶ್ನೆ

ಸರಕು ಸಾಗಣೆಯ ಪ್ರಾದೇಶಿಕ ರೈಲ್ವೆಗಳು ಹೊಸ ಎಂಜಿನ್ ಕೊಳ್ಳುವುದು ಅಪರೂಪ. ಕೆಲವು ನೂರು ಕಿಲೋಮೀಟರ್ ಹಳಿ, ಒಂದು ಗಣಿಯೋ ಸಿಮೆಂಟ್ ಕಾರ್ಖಾನೆಯೋ ಧಾನ್ಯದ ಉಗ್ರಾಣವೋ ಕೊಡುವ ಹೊರೆ, ದಿನಕ್ಕೆ ನಾಲ್ಕಾರು ಗಾಡಿ, ಇಷ್ಟೇ ವಹಿವಾಟು ಇರುವ ಸಂಸ್ಥೆಯ ವರಮಾನಕ್ಕೆ ಕಾರ್ಖಾನೆಯಿಂದ ನೇರವಾಗಿ ಬರುವ ಡೀಸೆಲ್ ಎಂಜಿನ್ನಿನ ಬೆಲೆ ಹೊಂದುವುದಿಲ್ಲ. ದೊಡ್ಡ ರೈಲ್ವೆಗಳು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ದುಡಿಸಿ ಕೈಬಿಟ್ಟ ಎಂಜಿನ್‌ಗಳನ್ನು ಕೊಂಡು, ತಿದ್ದಿ, ಇನ್ನೂ ಇಪ್ಪತ್ತು ವರ್ಷ ಓಡಿಸುವುದೇ ಇಂಥ ರೈಲ್ವೆಗಳ ವಾಡಿಕೆ. ಈ ಹಳೆಯ ವಾಡಿಕೆ ಈಗ ಹೊಸದಾಗಿ ಚರ್ಚೆಗೆ ಬಂದಿರುವುದಕ್ಕೆ ಕಾರಣ ಪೇಟೆಗೆ ಬರುತ್ತಿರುವ ಎಂಜಿನ್‌ಗಳ ಸಂಖ್ಯೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಜಾಲದಲ್ಲಿ 2025ರ ಹೊತ್ತಿಗೆ ಶೇ 98ಕ್ಕೂ ಹೆಚ್ಚು ಭಾಗ ವಿದ್ಯುದೀಕರಣಗೊಂಡು, ಇನ್ನೂ ಆಯುಷ್ಯ ಉಳಿದಿರುವ ಡೀಸೆಲ್ ಎಂಜಿನ್‌ಗಳು ಕೆಲಸವಿಲ್ಲದೆ ಉಳಿದಿವೆ. ಅಮೆರಿಕದ ದೊಡ್ಡ ರೈಲ್ವೆಗಳು ಕಳೆದ ದಶಕದ ಕೊನೆಯಲ್ಲಿ ಗಾಡಿಗಳನ್ನು ಉದ್ದಮಾಡಿ ಸಂಖ್ಯೆ ಕಡಿಮೆ ಮಾಡಿದಾಗ ಅಲ್ಲಿಯೂ ಸಾವಿರಾರು ಎಂಜಿನ್‌ಗಳು ಯಾರ್ಡ್‌ಗಳಲ್ಲಿ ಸಾಲಾಗಿ ನಿಂತವು.

ಮಾರುವವರ ಬಳಿ ಮಿಗತೆ ಇದೆ, ಕೊಳ್ಳುವವರ ಬಳಿ ಹಣದ ಕೊರತೆ ಇದೆ. ಇಷ್ಟನ್ನೇ ನೋಡಿದರೆ ವ್ಯಾಪಾರ ಕುದುರುವುದು ಸಹಜವೆನ್ನಿಸುತ್ತದೆ. ಆದರೆ ಎಂಜಿನ್ ಅಗ್ಗವಾಗಲು ಏನು ಕಾರಣವೋ ಅದೇ ಕಾರಣ ಕೆಲವು ಸಂದರ್ಭಗಳಲ್ಲಿ ಅದನ್ನು ಮುಂದೆ ಓಡಿಸುವುದನ್ನು ದುಬಾರಿ ಮಾಡುತ್ತದೆ ಎಂಬುದು ಮಾರಾಟದ ಮಾತುಕತೆಯಲ್ಲಿ ಬಹುಮಟ್ಟಿಗೆ ಮರೆಯಾಗುತ್ತದೆ. ಈ ಲೇಖನದ ವಾದ ಅದೇ.

ಮೊದಲಿಗೆ, ನಲವತ್ತು ವರ್ಷದ ಯಂತ್ರವೊಂದು ಮರುಬಳಕೆಗೆ ಯೋಗ್ಯವಾಗುವುದು ಹೇಗೆ ಎಂಬುದನ್ನು ನೋಡಬೇಕು. ಡೀಸೆಲ್ ಎಂಜಿನ್ ಎಂದು ನಾವು ಕರೆಯುವುದು ವಾಸ್ತವದಲ್ಲಿ ಗಾಲಿಗಳ ಮೇಲೆ ಕೂರಿಸಿದ ಒಂದು ಸಣ್ಣ ವಿದ್ಯುತ್ ಸ್ಥಾವರ. ಡೀಸೆಲ್ ಯಂತ್ರ ಆಲ್ಟರ್ನೇಟರನ್ನೋ ಜನರೇಟರನ್ನೋ ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ವಿದ್ಯುತ್ತು ಪ್ರತಿ ಅಚ್ಚಿಗೂ ಜೋಡಿಸಿದ ಟ್ರ್ಯಾಕ್ಷನ್ ಮೋಟಾರ್‌ಗಳಿಗೆ ಹೋಗುತ್ತದೆ. ಯಂತ್ರಕ್ಕೂ ಗಾಲಿಗೂ ನಡುವೆ ತಂತಿಗಳಷ್ಟೇ ಇರುವುದರಿಂದ ಯಾವ ಭಾಗ ಸವೆದರೂ ಅದನ್ನು ಮಾತ್ರ ಬಿಚ್ಚಿ ಬೇರೆ ಕೂರಿಸಬಹುದು. ಮೋಟಾರ್ ಸುಟ್ಟರೆ ಮೋಟಾರು, ಗಾಲಿ ಸವೆದರೆ ಗಾಲಿ. ಅಮೆರಿಕದ ಇಎಂಡಿ ಸಂಸ್ಥೆಯ 645 ಶ್ರೇಣಿಯ ಯಂತ್ರಗಳಲ್ಲಿ ಪಿಸ್ಟನ್, ಲೈನರ್, ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್ ಇವೆಲ್ಲ ಸೇರಿದ ಒಂದೊಂದು ಸಿಲಿಂಡರಿನ ಜೋಡಣೆಯನ್ನು ಪವರ್ ಅಸೆಂಬ್ಲಿ ಎನ್ನುತ್ತಾರೆ. ಯಂತ್ರವನ್ನು ಎಂಜಿನ್ನಿನಿಂದ ಇಳಿಸದೆಯೇ, ನುರಿತ ಇಬ್ಬರು ಫಿಟ್ಟರ್‌ಗಳು ಒಂದು ಪಾಳಿಯೊಳಗೆ ಇಂಥ ಜೋಡಣೆಯನ್ನು ಬದಲಿಸಬಲ್ಲರು. ಕೆಳಗಿನ ಉಕ್ಕಿನ ಚೌಕಟ್ಟಿಗೆ ಅಪಘಾತವಾಗದಿದ್ದರೆ ಐವತ್ತು ವರ್ಷವೂ ಬಾಳಿಕೆ ಉಂಟು. ಭಾರತದಲ್ಲಿ ಡೀಸೆಲ್ ಎಂಜಿನ್ನಿಗೆ ನಿಗದಿಯಾದ ಆಯುಷ್ಯ 36 ವರ್ಷ, ಅದರ ಮಧ್ಯಭಾಗದಲ್ಲಿ ಸಂಪೂರ್ಣ ಪುನರ್ನಿರ್ಮಾಣಕ್ಕೆ ಪಟಿಯಾಲದ ಕಾರ್ಖಾನೆಗೆ ಕಳಿಸುವ ಕ್ರಮವಿತ್ತು. ಹೀಗೆ ಯಂತ್ರದ ವಯಸ್ಸು ಎನ್ನುವುದು ಚೌಕಟ್ಟಿನ ಮೇಲೆ ಬರೆದ ವರ್ಷಕ್ಕಿಂತ, ಕೊನೆಯ ಬಾರಿ ಪೂರ್ತಿ ಬಿಚ್ಚಿ ಕಟ್ಟಿದ ವರ್ಷಕ್ಕೆ ಹೆಚ್ಚು ಸಂಬಂಧಿಸಿದ್ದು.

ಎರಡನೆಯ ವಿಷಯ ಶಕ್ತಿ. ಹಳೆಯ ಎಂಜಿನ್‌ಗಳ ಅಶ್ವಶಕ್ತಿ ಕಡಿಮೆ, ಆದ್ದರಿಂದ ಅವು ದುರ್ಬಲ ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದೆ. ಸಣ್ಣ ರೈಲ್ವೆಯ ಮಟ್ಟಿಗೆ ಇದು ಬಹುಪಾಲು ತಪ್ಪು ಆಕ್ಷೇಪ. ಗಾಡಿಯನ್ನು ಕದಲಿಸುವುದು ಎಳೆತದ ಬಲ, ಅದು ನಿರ್ಧಾರವಾಗುವುದು ಎಂಜಿನ್ನಿನ ತೂಕ ಮತ್ತು ಗಾಲಿಗೂ ಹಳಿಗೂ ನಡುವಿನ ಹಿಡಿತದಿಂದ. ಅಶ್ವಶಕ್ತಿ ಹೇಳುವುದು ಆ ಬಲವನ್ನು ಎಷ್ಟು ವೇಗದವರೆಗೆ ಉಳಿಸಿಕೊಳ್ಳಬಹುದು ಎಂಬುದನ್ನು ಮಾತ್ರ. ಒಂದು ಲೆಕ್ಕ ಹಾಕೋಣ. ಎಂಜಿನ್ ಸೇರಿ 2,000 ಟನ್ ತೂಗುವ ಗಾಡಿ ನೂರಕ್ಕೆ ಒಂದರ ಏರನ್ನು ಹತ್ತಬೇಕಿದೆ ಎನ್ನಿ. ಏರಿನ ಕಾರಣಕ್ಕೆ ಪ್ರತಿ ಟನ್ನಿಗೆ 10 ಕೆ.ಜಿ. ಬಲ ಬೇಕು, ಉರುಳುವಾಗಿನ ತಡೆಗೆ ಇನ್ನು ಎರಡೂವರೆ ಕೆ.ಜಿ. ಹಿಡಿದರೆ ಒಟ್ಟು 25 ಟನ್ ಬಲವಾಯಿತು. ಗಂಟೆಗೆ 18 ಕಿ.ಮೀ. ವೇಗದಲ್ಲಿ ಈ ಬಲಕ್ಕೆ ಗಾಲಿಯ ಬಳಿ ಸುಮಾರು 1,640 ಅಶ್ವಶಕ್ತಿ ಸಾಕು. ಅಮೆರಿಕದ ಸಣ್ಣ ರೈಲ್ವೆಗಳ ನೆಚ್ಚಿನ ಎಂಜಿನ್ ಆದ ಜಿಪಿ38-2, ನಾಲ್ಕು ಅಚ್ಚಿನ, 113 ಟನ್ ಆಸುಪಾಸಿನ, 2,000 ಅಶ್ವಶಕ್ತಿಯ ಯಂತ್ರ. ವಿದ್ಯುತ್ ಪರಿವರ್ತನೆಯ ನಷ್ಟ ಕಳೆದು ಗಾಲಿಗೆ ತಲುಪುವುದು ಹೆಚ್ಚು ಕಡಿಮೆ ಇಷ್ಟೇ. ಅದರ ತೂಕದ ಶೇ 22ರಷ್ಟು ಬಲವನ್ನು ಅದು ಹಳಿಯ ಮೇಲೆ ಹಾಕಬೇಕಾಗುತ್ತದೆ. ಒಣ ಹಳಿ, ಅಗತ್ಯ ಬಿದ್ದಾಗ ಮರಳು, ಇವಿದ್ದರೆ ಹಳೆಯ ಡಿಸಿ ಮೋಟಾರ್‌ಗಳು ಇದನ್ನು ನಿಭಾಯಿಸುತ್ತವೆ. ಇದೇ ತೂಕದ ಎಂಜಿನ್ನಿಗೆ 3,000 ಅಶ್ವಶಕ್ತಿಯ ಯಂತ್ರ ಕೂರಿಸಿದರೂ ಈ ವೇಗದಲ್ಲಿ ಹೆಚ್ಚುವರಿ ಶಕ್ತಿ ಗಾಲಿಯನ್ನು ಜಾರಿಸುತ್ತದೆಯೇ ಹೊರತು ಗಾಡಿಯನ್ನು ಎಳೆಯುವುದಿಲ್ಲ. ಅದೇ ಗಾಡಿಯನ್ನು ಅದೇ ಏರಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಯ್ಯಬೇಕೆಂದರೆ ಮಾತ್ರ ಐದೂವರೆ ಸಾವಿರ ಅಶ್ವಶಕ್ತಿ ಬೇಕು. ಅಮೆರಿಕದ ನಿಯಮದಂತೆ ಎರಡನೇ ದರ್ಜೆಯ ಹಳಿಯ ಮೇಲೆ ಸರಕು ಗಾಡಿಯ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿ.ಮೀ. ಒಂದನೇ ದರ್ಜೆಯದಾದರೆ ಕೇವಲ 10 ಮೈಲಿ. ಇಂಥ ಹಳಿಯ ಮೇಲೆ ವೇಗದ ಶಕ್ತಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ಡಿಸಿ ಮೋಟಾರ್‌ಗಳಿಗೆ ಒಂದು ಕನಿಷ್ಠ ನಿರಂತರ ವೇಗ ಇರುತ್ತದೆ. ಇಎಂಡಿಯದೇ ಆರು ಅಚ್ಚಿನ ಎಸ್‌ಡಿ40-2 ಎಂಜಿನ್ನಿನಲ್ಲಿ ಅದು ಗಂಟೆಗೆ ಸುಮಾರು 18 ಕಿ.ಮೀ. ಪೂರ್ತಿ ಶಕ್ತಿಯಲ್ಲಿ ಇದಕ್ಕಿಂತ ನಿಧಾನವಾಗಿ ಹೆಚ್ಚು ಹೊತ್ತು ಎಳೆದರೆ ಮೋಟಾರಿನ ಸುರುಳಿಗಳು ಕಾಯ್ದು ಅವುಗಳ ನಿರೋಧಕ ಹೊದಿಕೆ ಹಾಳಾಗುತ್ತದೆ. ಏರು ಕಡಿದಾಗಿರುವ ಮಾರ್ಗದಲ್ಲಿ ಎಂಜಿನ್‌ಗಳ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಇದನ್ನು ಮರೆತವರು ಮೋಟಾರ್ ರಿಪೇರಿಗೆ ತೆರುವ ಹಣ ದೊಡ್ಡದು.

ಇಂಧನದ ಲೆಕ್ಕವೂ ಮೇಲ್ನೋಟಕ್ಕೆ ಕಾಣುವಂತಿಲ್ಲ. ಹೊಸ ಎಂಜಿನ್ ಅದೇ ಕೆಲಸಕ್ಕೆ ಕಡಿಮೆ ಡೀಸೆಲ್ ಸುಡುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಆ ಉಳಿತಾಯ ಬಂಡವಾಳದ ಬಡ್ಡಿಯನ್ನು ತೀರಿಸುವಷ್ಟು ಆಗಬೇಕಾದರೆ ಎಂಜಿನ್ ವರ್ಷವಿಡೀ ಹಗಲಿರುಳು ದುಡಿಯಬೇಕು. ಪ್ರಾದೇಶಿಕ ರೈಲ್ವೆಯ ಎಂಜಿನ್ ಹಾಗೆ ದುಡಿಯುವುದಿಲ್ಲ, ದಿನದ ಬಹುಭಾಗ ಅದು ವ್ಯಾಗನ್ ತುಂಬುವುದನ್ನೋ ಎದುರು ಗಾಡಿ ಬರುವುದನ್ನೋ ಕಾಯುತ್ತ ನಿಂತಿರುತ್ತದೆ. ಹಾಗೆ ನಿಂತಾಗಲೂ ಅದರ ಯಂತ್ರ ಚಾಲೂ ಇರುತ್ತದೆ ಎಂಬುದೇ ನಿಜವಾದ ಪೋಲು. ಇಂಥ ಎಂಜಿನ್‌ಗಳ ತಂಪು ವ್ಯವಸ್ಥೆಯಲ್ಲಿ ಇರುವುದು ತುಕ್ಕುನಿರೋಧಕ ಬೆರೆಸಿದ ಬರಿಯ ನೀರು. ಚಳಿ ದೇಶಗಳಲ್ಲಿ ಅದು ಹೆಪ್ಪುಗಟ್ಟಿ ಬ್ಲಾಕ್ ಬಿರಿಯಬಾರದೆಂದು ರಾತ್ರಿಯಿಡೀ ಯಂತ್ರ ಓಡಿಸಿಡುತ್ತಾರೆ, ಬೆಚ್ಚಗಿನ ದೇಶಗಳಲ್ಲಿ ಬರಿಯ ರೂಢಿಯಿಂದ, ಅಥವಾ ಬ್ಯಾಟರಿಯ ಮೇಲೆ ನಂಬಿಕೆಯಿಲ್ಲದೆ. ನಿಂತಲ್ಲೇ ಓಡುವ 16 ಸಿಲಿಂಡರ್ ಯಂತ್ರ ಗಂಟೆಗೆ ಸುಮಾರು 20 ಲೀಟರ್ ಡೀಸೆಲ್ ಕುಡಿಯುತ್ತದೆ. ವರ್ಷಕ್ಕೆ 3,000 ಗಂಟೆ ಹೀಗೆ ನಿಂತರೆ 60,000 ಲೀಟರ್ ಗಾಳಿಗೆ ಹೋಯಿತು. ನೀರು ಮತ್ತು ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಸಹಾಯಕ ಯಂತ್ರ ಅಥವಾ ತಾನೇ ನಿಂತು ತಾನೇ ಚಾಲೂ ಆಗುವ ನಿಯಂತ್ರಕವನ್ನು ಹಳೆಯ ಎಂಜಿನ್ನಿಗೆ ಅಳವಡಿಸುವ ಖರ್ಚು ಹೊಸ ಎಂಜಿನ್ನಿನ ಬೆಲೆಯ ಮುಂದೆ ಅತ್ಯಲ್ಪ. ಇಂಧನದ ನೆಪವೊಡ್ಡಿ ಹೊಸದನ್ನೇ ಕೊಳ್ಳಬೇಕೆನ್ನುವವರು ಮೊದಲು ಈ ಕೆಲಸ ಮಾಡಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು.

ಹಾಗಾದರೆ ಕೊಳ್ಳುವಾಗ ನೋಡಬೇಕಾದುದೇನು? ಹೊಸ ಬಣ್ಣ ಬಳಿದ ಎಂಜಿನ್ನಿನ ಹೊರಮೈ ಏನನ್ನೂ ಹೇಳುವುದಿಲ್ಲ. ತಿಳಿದವರು ಮೊದಲು ಹೋಗುವುದು ಯಂತ್ರದ ಪಕ್ಕದಲ್ಲಿರುವ ಮುಚ್ಚಳಗಳ ಬಳಿಗೆ. ಇಎಂಡಿ ಎರಡು ಸ್ಟ್ರೋಕ್ ಯಂತ್ರದಲ್ಲಿ ಲೈನರಿನ ಗೋಡೆಯಲ್ಲೇ ಗಾಳಿಯ ಕಿಂಡಿಗಳಿರುವುದರಿಂದ, ಏರ್‌ಬಾಕ್ಸ್ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಹೋದರೆ ಆ ಕಿಂಡಿಗಳ ಮೂಲಕ ಪಿಸ್ಟನ್ ರಿಂಗುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮುರಿದ ರಿಂಗು, ಗೀರು ಬಿದ್ದ ಲೈನರು, ಕೆಳಗೆ ಸೋರಿ ನಿಂತ ನೀರು, ಎಲ್ಲವೂ ಅಲ್ಲೇ ಬಯಲಾಗುತ್ತವೆ. ಬಳಿಕ ಸಿಲಿಂಡರಿನೊಳಗೆ ಸೀಸದ ತಂತಿಯ ತುಂಡನ್ನಿಟ್ಟು ಯಂತ್ರವನ್ನು ಒಂದು ಸುತ್ತು ತಿರುಗಿಸಿ, ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಚಪ್ಪಟೆಯಾದ ಆ ಸೀಸದ ದಪ್ಪವನ್ನು ಅಳೆಯುತ್ತಾರೆ. ಹಿಂದಿನ ದಾಖಲೆಗೂ ಇಂದಿನ ಅಳತೆಗೂ ಇರುವ ವ್ಯತ್ಯಾಸ ಬೇರಿಂಗ್ ಎಷ್ಟು ಸವೆದಿದೆ ಎಂಬುದನ್ನು ಹೇಳುತ್ತದೆ. ದಾಖಲೆಯೇ ಇಲ್ಲ ಎಂದು ಮಾರುವವರು ಹೇಳಿದರೆ ಅದೂ ಒಂದು ಮಾಹಿತಿಯೇ.

ಎಣ್ಣೆಯ ಪರೀಕ್ಷೆ ಇನ್ನೂ ಸೂಕ್ಷ್ಮ. ಈ ಯಂತ್ರಗಳ ಪಿಸ್ಟನ್ ಪಿನ್ನಿನ ಬೇರಿಂಗಿನಲ್ಲಿ ಬೆಳ್ಳಿಯ ಲೇಪನ ಇರುತ್ತದೆ. ರಸ್ತೆಯ ವಾಹನಗಳಿಗೆ ಬಳಸುವ ಬಹುತೇಕ ಎಂಜಿನ್ ಎಣ್ಣೆಗಳಲ್ಲಿರುವ ಸತುವಿನ ಸಂಯುಕ್ತ ಆ ಬೆಳ್ಳಿಯನ್ನು ತಿನ್ನುತ್ತದೆ. ಆದ್ದರಿಂದ ಇವುಗಳಿಗೆ ಸತುವಿಲ್ಲದ ಎಣ್ಣೆಯನ್ನೇ ಹಾಕಬೇಕು. ಎಣ್ಣೆಯ ಮಾದರಿಯಲ್ಲಿ ಬೆಳ್ಳಿಯ ಅಂಶ ಏರಿದ್ದರೆ ಆ ಯಂತ್ರ ಯಾರದೋ ಅಜ್ಞಾನದ ಕೈಯಲ್ಲಿ ಸಿಕ್ಕಿತ್ತು ಎಂದೇ ಅರ್ಥ. ಬೋರಾನ್, ಸೋಡಿಯಂ ಕಂಡರೆ ತಂಪು ನೀರು ಎಣ್ಣೆಗೆ ಸೋರುತ್ತಿದೆ. ಟರ್ಬೊ, ಅಂದರೆ ಸಿಲಿಂಡರಿಗೆ ಒತ್ತಡದ ಗಾಳಿ ತುಂಬುವ ಸಾಧನ ಇರುವ ಯಂತ್ರವಾದರೆ, ಅದನ್ನು ನಿಲ್ಲಿಸಿದ ಮೇಲೂ ಟರ್ಬೊಗೆ ಎಣ್ಣೆ ಹಾಯಿಸುವ ಪುಟ್ಟ ಪಂಪು ಅರ್ಧ ಗಂಟೆಗೂ ಮಿಕ್ಕಿ ಓಡುತ್ತಿದೆಯೇ ಎಂದು ಕಾದು ಕೇಳಬೇಕು, ಆ ಪಂಪು ಕೆಟ್ಟ ಎಂಜಿನ್ನಿನ ಟರ್ಬೊ ಹೆಚ್ಚು ದಿನ ಉಳಿಯುವುದಿಲ್ಲ. ಜಿಪಿ38-2 ಎಂಜಿನ್ನನ್ನು ಸಣ್ಣ ರೈಲ್ವೆಗಳು ಇಷ್ಟು ಮೆಚ್ಚಲು ಅದರಲ್ಲಿ ಟರ್ಬೊ ಇಲ್ಲದಿರುವುದೂ ಒಂದು ಕಾರಣ. ಇವೆಲ್ಲ ಮುಗಿದ ಮೇಲೆ ಮೋಟಾರ್‌ಗಳ ನಿರೋಧಕತೆಯನ್ನು ಮೆಗ್ಗರಿನಿಂದ ಅಳೆದು, ಎಂಜಿನ್ನನ್ನು ಲೋಡ್‌ಬಾಕ್ಸಿಗೆ (ಹುಟ್ಟಿದ ವಿದ್ಯುತ್ತನ್ನು ಶಾಖವಾಗಿಸಿ ಕರಗಿಸುವ ಪರೀಕ್ಷಾ ಸಾಧನ) ಜೋಡಿಸಿ ಪೂರ್ಣ ಶಕ್ತಿಯಲ್ಲಿ ಒಂದೆರಡು ಗಂಟೆ ಓಡಿಸಿ ನೋಡಬೇಕು.

ವಯಸ್ಸಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಕಡಿಮೆ ವಯಸ್ಸಿನ ಎಂಜಿನ್ ಕೊಳ್ಳುವುದೇ ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಹಳೆಯದಕ್ಕಿಂತ ನಡುವಯಸ್ಸಿನದೇ ಹೆಚ್ಚು ತೊಂದರೆ ಕೊಡುವ ಸಂದರ್ಭಗಳಿವೆ. 1970ರ ದಶಕದ ಎಂಜಿನ್ನಿನ ನಿಯಂತ್ರಣ ವ್ಯವಸ್ಥೆಯಲ್ಲಿ ರಿಲೇ, ಕಾಂಟ್ಯಾಕ್ಟರ್, ಕೆಲವು ಸರಳ ಎಲೆಕ್ಟ್ರಾನಿಕ್ ಕಾರ್ಡುಗಳು ಇರುತ್ತವೆ. ಇವನ್ನು ಬಹುತೇಕ ಯಾವ ಊರಿನ ಎಲೆಕ್ಟ್ರಿಷಿಯನ್ ಆದರೂ ಚಿತ್ರ ನೋಡಿ ರಿಪೇರಿ ಮಾಡಬಲ್ಲ. 1980ರ ದಶಕದ ಮಧ್ಯಭಾಗದಿಂದ ಬಂದ ಎಂಜಿನ್‌ಗಳಲ್ಲಿ ಮೈಕ್ರೊಪ್ರೊಸೆಸರ್‌ಗಳಿವೆ. ಆ ಚಿಪ್ಪುಗಳನ್ನು ಈಗ ಯಾರೂ ತಯಾರಿಸುವುದಿಲ್ಲ, ಅವುಗಳ ಸಾಫ್ಟ್‌ವೇರ್ ಮೂಲ ತಯಾರಕರ ವಶದಲ್ಲಿದೆ. 1990ರ ದಶಕದ ಎಸಿ ಮೋಟಾರಿನ ಎಂಜಿನ್‌ಗಳಲ್ಲಿ ಮೋಟಾರಿಗೆ ಬೇಕಾದ ಎಸಿ ವಿದ್ಯುತ್ತನ್ನು ಒದಗಿಸಲು ಜಿಟಿಒ ಥೈರಿಸ್ಟರ್ ಎಂಬ ಅರೆವಾಹಕ ಸ್ವಿಚ್ಚುಗಳ ಆಧಾರಿತ ಇನ್ವರ್ಟರ್‌ಗಳಿದ್ದವು, ಕೆಲವೇ ವರ್ಷಗಳಲ್ಲಿ ಐಜಿಬಿಟಿ ಎಂಬ ಹೊಸ ಬಗೆಯ ಸ್ವಿಚ್ಚು ಬಂದು ಅವು ಮೂಲೆಗುಂಪಾದವು. ಭಾರತಕ್ಕೆ 1999ರಿಂದ ಬಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್‌ಗಳ ಮೊದಲ ತಂಡಗಳೂ ಇದೇ ಕಾಲಘಟ್ಟದವು. ಇಂಥ ಎಂಜಿನ್ ಕೊಳ್ಳುವವರು ಇನ್ವರ್ಟರ್ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡೇ ಮಾತಾಡಬೇಕು.

ಈ ವ್ಯಾಪಾರ ದೊಡ್ಡ ಪ್ರಮಾಣದಲ್ಲಿ ನಡೆದು ಫಲ ಕೊಟ್ಟಿರುವುದು ಅಮೆರಿಕದಲ್ಲಿ. 1980ರ ಸ್ಟ್ಯಾಗರ್ಸ್ ಕಾಯ್ದೆ ರೈಲ್ವೆಗಳ ಮೇಲಿನ ದರ ನಿಯಂತ್ರಣವನ್ನು ಸಡಿಲಿಸಿದ ಮೇಲೆ ದೊಡ್ಡ ಕಂಪನಿಗಳು ಲಾಭ ತಾರದ ಮಾರ್ಗಗಳನ್ನು ಮಾರಿದವು ಅಥವಾ ಗುತ್ತಿಗೆಗೆ ಕೊಟ್ಟವು, ಹಾಗೆ ಹುಟ್ಟಿದ ಪ್ರಾದೇಶಿಕ ರೈಲ್ವೆಗಳಿಗೆ ಎಂಜಿನ್‌ಗಳೂ ಅದೇ ದೊಡ್ಡ ಕಂಪನಿಗಳಿಂದಲೇ ಬಂದವು. 1987ರಲ್ಲಿ ಕೆಲಸ ಆರಂಭಿಸಿದ ವಿಸ್ಕಾನ್ಸಿನ್ ಸೆಂಟ್ರಲ್ ಇದಕ್ಕೆ ಒಳ್ಳೆಯ ನಿದರ್ಶನ. ಅದು ಕೊಂಡದ್ದು ಮುಖ್ಯವಾಗಿ ಎಸ್‌ಡಿ45 ಎಂಜಿನ್‌ಗಳನ್ನು. 20 ಸಿಲಿಂಡರಿನ, 3,600 ಅಶ್ವಶಕ್ತಿಯ ಈ ಯಂತ್ರ ಹೆಚ್ಚು ಡೀಸೆಲ್ ಕುಡಿಯುತ್ತದೆ ಎಂಬ, ಅದರ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತದೆ ಎಂಬ ಅಪಖ್ಯಾತಿಗೆ ಒಳಗಾಗಿತ್ತು. ದೊಡ್ಡ ರೈಲ್ವೆಗಳಿಗೆ ಬೇಡವಾಗಿದ್ದರಿಂದಲೇ ಅದು ಅಗ್ಗ. ಆದರೆ ಕ್ರ್ಯಾಂಕ್‌ಶಾಫ್ಟಿನ ದೋಷ ಆರಂಭದ ವರ್ಷಗಳದು, ಆಮೇಲೆ ತಿದ್ದುಪಡಿಯಾಗಿತ್ತು. ಇನ್ನೂ ಮುಖ್ಯವಾಗಿ, ಅದರ ಪವರ್ ಅಸೆಂಬ್ಲಿ, ಮೋಟಾರು, ಬೋಗಿ (ಅಚ್ಚುಗಳನ್ನು ಹಿಡಿದ ಕೆಳಗಿನ ಚೌಕಟ್ಟು) ಎಲ್ಲವೂ ಆ ದೇಶದಲ್ಲೆಲ್ಲ ಓಡುತ್ತಿದ್ದ ಎಸ್‌ಡಿ40 ಎಂಜಿನ್ನಿನ ಕುಟುಂಬಕ್ಕೆ ಸೇರಿದ್ದವು. ವಿಸ್ಕಾನ್ಸಿನ್ ಸೆಂಟ್ರಲ್ ಅಪಖ್ಯಾತಿಯನ್ನು ಅಗ್ಗವಾಗಿ ಕೊಂಡಿತು, ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳಲಿಲ್ಲ. 2001ರಲ್ಲಿ ಕೆನೇಡಿಯನ್ ನ್ಯಾಷನಲ್ ಆ ರೈಲ್ವೆಯನ್ನು ಕೊಳ್ಳುವವರೆಗೂ ಈ ಎಂಜಿನ್‌ಗಳೇ ಅದರ ಬೆನ್ನೆಲುಬಾಗಿದ್ದವು.

1987ರಲ್ಲೇ ಆರಂಭವಾದ ಮೊಂಟಾನಾ ರೈಲ್ ಲಿಂಕ್ ಕೂಡ ಎಸ್‌ಡಿ45ಗಳನ್ನೇ ನೆಚ್ಚಿತ್ತು. ಆದರೆ ಅದರ ಮಾರ್ಗದಲ್ಲಿ ಮುಲ್ಲನ್ ಪಾಸ್‌ನಂಥ, ನೂರಕ್ಕೆ 2.2ರ ಏರುಗಳಿದ್ದವು, ಭಾರೀ ಕಲ್ಲಿದ್ದಲು ಗಾಡಿಗಳನ್ನು ಹಿಂದಿನಿಂದ ತಳ್ಳಲು ಹಳೆಯ ಡಿಸಿ ಎಂಜಿನ್‌ಗಳು ಬಹಳ ಸಂಖ್ಯೆಯಲ್ಲಿ ಬೇಕಾಗುತ್ತಿದ್ದವು. 2005ರಲ್ಲಿ ಅದು 16 ಹೊಸ ಎಸ್‌ಡಿ70ಎಸಿಇ ಎಂಜಿನ್‌ಗಳನ್ನು ಕೊಂಡಿತು. ಎಸಿ ಮೋಟಾರಿಗೆ ಹಳಿಯ ಹಿಡಿತ ಹೆಚ್ಚು, ನಿಧಾನಗತಿಯಲ್ಲಿ ಕಾಯುವ ಭಯವೂ ಕಡಿಮೆ. ಆರ್ಕಾನ್ಸಾಸ್ ಆ್ಯಂಡ್ ಮಿಸೌರಿ ಎಂಬ ಇನ್ನೊಂದು ಸಣ್ಣ ರೈಲ್ವೆ ದಶಕಗಳ ಕಾಲ ಆಲ್ಕೊ ಎಂಜಿನ್‌ಗಳನ್ನು ಮಾತ್ರ ಓಡಿಸಿ, 2013ರ ಹೊತ್ತಿಗೆ ಮೂರು ಹೊಸ ಎಸ್‌ಡಿ70ಎಸಿಇ ತಂದಿತು. ಹಳೆಯ ಎಂಜಿನ್ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಈ ಎರಡು ರೈಲ್ವೆಗಳು ಕೊಟ್ಟ ಉತ್ತರ ಒಂದೇ ರೀತಿಯದು: ಬಯಲಿನಲ್ಲಿ ಹಳೆಯದು ಸಾಕು, ಏರಿನಲ್ಲಿ ಮತ್ತು ಭಾರ ಹೆಚ್ಚಿದಲ್ಲಿ ಹೊಸದು ತನ್ನ ಬೆಲೆಯನ್ನು ತಾನೇ ದುಡಿಯುತ್ತದೆ.

ಇಲ್ಲಿ ಆಲ್ಕೊ ಎಂಬ ಹೆಸರು ಬಂದಿರುವುದರಿಂದ ಮುಖ್ಯ ವಾದಕ್ಕೆ ಬರಬಹುದು. ಅಮೆರಿಕದ ಆಲ್ಕೊ ಕಂಪನಿ ಎಂಜಿನ್ ತಯಾರಿಕೆಯನ್ನು ನಿಲ್ಲಿಸಿದ್ದು 1969ರಲ್ಲಿ. ಆದರೂ ಅದರ 251 ಮಾದರಿಯ ಯಂತ್ರ ಸಾಯಲಿಲ್ಲ, ಅದನ್ನು ಉಳಿಸಿದ್ದರಲ್ಲಿ ಭಾರತದ ಪಾಲು ದೊಡ್ಡದು. 1962ರಲ್ಲಿ ಆಮದಾದ ಎಂಜಿನ್‌ಗಳ ವಿನ್ಯಾಸವನ್ನೇ ಆಧರಿಸಿ ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆ 1964ರಿಂದ ಡಬ್ಲ್ಯುಡಿಎಂ-2 ತಯಾರಿಸತೊಡಗಿತು. 2,600 ಅಶ್ವಶಕ್ತಿಯ ಆ ಎಂಜಿನ್‌ಗಳು ಎರಡೂವರೆ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದವು, ಮುಂದೆ ಅದೇ ಯಂತ್ರ 3,100 ಅಶ್ವಶಕ್ತಿಗೆ ಏರಿ ಡಬ್ಲ್ಯುಡಿಎಂ-3ಎ, ಡಬ್ಲ್ಯುಡಿಜಿ-3ಎ ಆಯಿತು. ಇಷ್ಟು ದೊಡ್ಡ ಬಳಗಕ್ಕೆ ಪಿಸ್ಟನ್, ಲೈನರ್, ಬೇರಿಂಗ್, ಟರ್ಬೊ, ಯಂತ್ರದ ವೇಗ ನಿಯಂತ್ರಿಸುವ ಗವರ್ನರ್ ಪೂರೈಸಲು ದೇಶದ ತುಂಬ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದವು. ಪ್ರಪಂಚದ ಎಲ್ಲೇ ಆಲ್ಕೊ ಯಂತ್ರ ಓಡಿಸುವವರಿಗೂ ಭಾರತ ಒಂದು ಆಸರೆಯಾಯಿತು. ಅಂದರೆ ಆಲ್ಕೊ ಎಂಜಿನ್ನನ್ನು ಬದುಕಿಸಿದ್ದು ಅದರ ತಯಾರಕರಲ್ಲ, ಅದನ್ನು ದೊಡ್ಡ ಸಂಖ್ಯೆಯಲ್ಲಿ ಬಳಸುತ್ತಿದ್ದ ಗ್ರಾಹಕ.

ಈಗ ಆ ಗ್ರಾಹಕನೇ ಹಿಂದೆ ಸರಿಯುತ್ತಿದ್ದಾನೆ. ವಿದ್ಯುದೀಕರಣದಿಂದ ಎಂಜಿನ್ ಮಿಕ್ಕಿತು, ಮಿಕ್ಕಿದ್ದರಿಂದ ಅಗ್ಗವಾಯಿತು, ಅಗ್ಗವಾದ್ದರಿಂದ ಹೊರದೇಶದ ಸಣ್ಣ ರೈಲ್ವೆಗಳಿಗೆ ಆಕರ್ಷಕವಾಯಿತು. ಆದರೆ ಅದೇ ವಿದ್ಯುದೀಕರಣದಿಂದ ಡೀಸೆಲ್ ಶೆಡ್‌ಗಳು ವಿದ್ಯುತ್ ಎಂಜಿನ್‌ಗಳ ನಿರ್ವಹಣೆಗೆ ತಿರುಗುತ್ತಿವೆ, ಫಿಟ್ಟರ್‌ಗಳು ಹೊಸ ಕೆಲಸ ಕಲಿಯುತ್ತಿದ್ದಾರೆ, ಬಿಡಿಭಾಗದ ಆರ್ಡರುಗಳು ಇಳಿಯುತ್ತಿವೆ. ಸಾವಿರಾರು ಎಂಜಿನ್‌ಗಳಿಗೆ ಪಿಸ್ಟನ್ ಎರಕ ಹೊಯ್ಯುತ್ತಿದ್ದ ಕಾರ್ಖಾನೆ, ಸಮುದ್ರದಾಚೆಯ ಹತ್ತಿಪ್ಪತ್ತು ಎಂಜಿನ್‌ಗಳ ಸಲುವಾಗಿ ಆ ಎರಕದ ಅಚ್ಚುಗಳನ್ನು ಕಾಯ್ದಿಟ್ಟುಕೊಳ್ಳುತ್ತದೆಂದು ನಂಬುವುದು ಕಷ್ಟ. ಅಮೆರಿಕದ ಎಸ್‌ಡಿ40-2 ವಿಷಯ ಹೀಗಲ್ಲ. 1972ರಲ್ಲಿ ಬಂದ ಆ ಎಂಜಿನ್ನನ್ನು ಯೂನಿಯನ್ ಪೆಸಿಫಿಕ್‌ನಂಥ ದೊಡ್ಡ ರೈಲ್ವೆಗಳು ಮಾರಿದ್ದೂ ಉಂಟು, ತಮಗಾಗಿಯೇ ಪುನರ್ನಿರ್ಮಿಸಿ ಯಾರ್ಡಿನಲ್ಲಿ, ಸ್ಥಳೀಯ ಗಾಡಿಗಳಲ್ಲಿ ಉಳಿಸಿಕೊಂಡದ್ದೂ ಉಂಟು. ಮಾರಿದವರೇ ಇನ್ನೂ ಓಡಿಸುತ್ತಿರುವ ಎಂಜಿನ್ನಿಗೆ ಬಿಡಿಭಾಗದ ಪೇಟೆ ತಾನಾಗಿಯೇ ಉಳಿಯುತ್ತದೆ. ಮಾರಿದವರು ಪೂರ್ತಿ ಕೈತೊಳೆದುಕೊಂಡ ಎಂಜಿನ್ನಿಗೆ ಆ ಭರವಸೆಯಿಲ್ಲ. ಕೊಳ್ಳುವವರು ಎಂಜಿನ್ನಿನ ವಯಸ್ಸನ್ನು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಭಾರತದ ಮಿಗತೆ ಯಾರಿಗೂ ಉಪಯೋಗಕ್ಕೆ ಬಾರದು ಎಂದಲ್ಲ. ಬಾಂಗ್ಲಾದೇಶಕ್ಕೆ 2020ರ ಜುಲೈಯಲ್ಲಿ 10, 2023ರ ಮೇ ತಿಂಗಳಲ್ಲಿ 20 ಬ್ರಾಡ್‌ಗೇಜ್ ಎಂಜಿನ್‌ಗಳನ್ನು ಭಾರತ ಹಸ್ತಾಂತರಿಸಿತು. 3,300 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಡಿ ಎಂಜಿನ್‌ಗಳು ಅವು. ಗೇಜು ಒಂದೇ, ಕಾರ್ಖಾನೆ ನೆರೆಯಲ್ಲೇ, ಗಡಿ ದಾಟಿದರೆ ಅದೇ ಹಳಿಯ ಮೇಲೆ ಓಡಿಕೊಂಡೇ ಹೋಗಬಹುದು. ಆಫ್ರಿಕಕ್ಕೆ ಕಳಿಸುವುದಾದರೆ ವಿಷಯ ಬೇರೆ. ಅಲ್ಲಿನ ಬಹುಭಾಗ ಹಳಿಯ ಅಗಲ 1,067 ಮಿ.ಮೀ., ನಮ್ಮದು 1,676. ಟ್ರ್ಯಾಕ್ಷನ್ ಮೋಟಾರು ಕೂರುವುದು ಎರಡು ಗಾಲಿಗಳ ನಡುವೆ, ಗಾಲಿಗಳನ್ನು ಒಳಕ್ಕೆ ತಂದರೆ ಆ ಜಾಗದಲ್ಲಿ 609 ಮಿ.ಮೀ. ಕಡಿಮೆಯಾಗುತ್ತದೆ. ಅಚ್ಚು, ಬೋಗಿ, ಬ್ರೇಕಿನ ಸಲಾಕೆಗಳು, ಕಪ್ಲರಿನ ಎತ್ತರ, ಎಲ್ಲವನ್ನೂ ಮರುವಿನ್ಯಾಸ ಮಾಡಬೇಕು. ರೈಲ್ವೆ ಸಚಿವಾಲಯದ ಅಧೀನದ ರೈಟ್ಸ್ ಸಂಸ್ಥೆಯ ಮೂಲಕ ಆಫ್ರಿಕದ ಗ್ರಾಹಕರಿಗಾಗಿ ಈ ಪರಿವರ್ತನೆಯ ಕೆಲಸಕ್ಕೆ ಭಾರತೀಯ ರೈಲ್ವೆಯ ಕಾರ್ಯಾಗಾರಗಳು ಕೈಹಾಕಿವೆ, ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಸಾಧನೆಯೇ ಸರಿ. ಆದರೆ ಗೇಜಿಗಿಂತ ಹಟಮಾರಿಯಾದ ಇನ್ನೊಂದು ಅಳತೆ ಇದೆ, ಅಚ್ಚಿನ ಭಾರ. ಡಬ್ಲ್ಯುಡಿಜಿ-3ಎ 123 ಟನ್ ತೂಗುತ್ತದೆ, ಪ್ರತಿ ಅಚ್ಚಿಗೆ 20.5 ಟನ್. ಹಗುರ ಹಳಿ, ಹಳೆಯ ಸೇತುವೆಗಳಿರುವ ಮಾರ್ಗಕ್ಕೆ ಇದು ಹೆಚ್ಚಾಯಿತು. ಹಿಂದೆ ಭಾರತದ ಮೀಟರ್‌ಗೇಜ್ ವೈಡಿಎಂ-4 ಎಂಜಿನ್‌ಗಳು ಮಲೇಷ್ಯಾ, ಮ್ಯಾನ್ಮಾರ್ ಮುಂತಾದ ಕಡೆ ಸಲೀಸಾಗಿ ಓಡಿದ್ದಕ್ಕೆ ಅವುಗಳ ಅಚ್ಚಿನ ಭಾರ ಕೇವಲ 12 ಟನ್ ಇದ್ದುದೂ ಕಾರಣ.

ಬಿಡಿಭಾಗದ ಪ್ರಶ್ನೆ ಹಳೆಯ ಎಂಜಿನ್‌ಗೆ ಮಾತ್ರ ಅಂಟಿದ್ದೆಂದೂ ತಿಳಿಯಬಾರದು. ದಕ್ಷಿಣ ಆಫ್ರಿಕದ ಸರ್ಕಾರಿ ಸಾರಿಗೆ ಸಂಸ್ಥೆ ಟ್ರಾನ್ಸ್‌ನೆಟ್ 2014ರಲ್ಲಿ 1,064 ಹೊಸ ಎಂಜಿನ್‌ಗಳಿಗೆ ನಾಲ್ಕು ತಯಾರಕರೊಂದಿಗೆ ಒಪ್ಪಂದ ಮಾಡಿಕೊಂಡಿತು. ಭ್ರಷ್ಟಾಚಾರದ ಆರೋಪಗಳಲ್ಲಿ ಆ ಒಪ್ಪಂದ ಸಿಲುಕಿ, ಚೀನಾದ ತಯಾರಕರೊಂದಿಗಿನ ವ್ಯಾಜ್ಯದಿಂದ ಬಿಡಿಭಾಗಗಳ ಪೂರೈಕೆ ನಿಂತು, ಹತ್ತು ವರ್ಷವೂ ತುಂಬದ ಎಂಜಿನ್‌ಗಳು ಶೆಡ್ಡಿನಲ್ಲಿ ನಿಂತವು. 2017-18ರಲ್ಲಿ 226 ದಶಲಕ್ಷ ಟನ್ ಇದ್ದ ಅಲ್ಲಿನ ರೈಲು ಸರಕು 2022-23ರ ಹೊತ್ತಿಗೆ 150 ದಶಲಕ್ಷ ಟನ್ ಆಸುಪಾಸಿಗೆ ಕುಸಿಯಲು ಕೇಬಲ್ ಕಳವು ಮುಂತಾದ ಬೇರೆ ಕಾರಣಗಳ ಜೊತೆಗೆ ಇದೂ ಒಂದು ಕಾರಣ. ಈಗ ಅದೇ ದೇಶ ಖಾಸಗಿ ಗಾಡಿಗಳಿಗೆ ಹಳಿಯನ್ನು ತೆರೆಯುತ್ತಿದೆ, ಹೊಸದಾಗಿ ಬರುವ ಆ ಸಂಸ್ಥೆಗಳಿಗೆ ಬೇಗ ಸಿಗುವ ಎಂಜಿನ್ ಎಂದರೆ ಪುನರ್ನಿರ್ಮಿತ ಹಳೆಯ ಡೀಸೆಲ್ ಎಂಜಿನ್ನೇ.

ಮಾಲಿನ್ಯದ ನಿಯಮಗಳು ಈ ಪೇಟೆಯನ್ನು ಎರಡೂ ದಿಕ್ಕಿಗೆ ಎಳೆಯುತ್ತವೆ. ಅಮೆರಿಕದಲ್ಲಿ 2015ರಿಂದ ತಯಾರಾಗುವ ಎಂಜಿನ್‌ಗಳು ಟಿಯರ್ 4 ಎಂಬ ಕಠಿಣ ಹೊಗೆ ಮಿತಿಗೆ ಒಳಪಡಬೇಕು. ಇದರಿಂದ ಹೊಸ ಎಂಜಿನ್ ದುಬಾರಿಯೂ ಜಟಿಲವೂ ಆಗಿ, ಹಳೆಯದರ ಬೇಡಿಕೆ ಹೆಚ್ಚಿತು. ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. ಯುರೋಪಿನ ಹೊಸ ಮಿತಿಗಳಿಂದಾಗಿ ಅಲ್ಲಿನ ಜನಪ್ರಿಯ ಕ್ಲಾಸ್ 66 ಎಂಜಿನ್ನಿನ ತಯಾರಿಕೆ ನಿಂತುಹೋಯಿತು, ಕೊನೆಯದು 2016ರಲ್ಲಿ ಬಂತು. ಆಮೇಲೆ ಬ್ರಿಟನ್ನಿನ ಸರಕು ಕಂಪನಿಗಳು ಯುರೋಪಿನ ಇತರ ದೇಶಗಳಲ್ಲಿ ಓಡುತ್ತಿದ್ದ ಅದೇ ಮಾದರಿಯ ಹಳೆಯ ಎಂಜಿನ್‌ಗಳನ್ನು ಹುಡುಕಿ ತರತೊಡಗಿದವು. ಬ್ರಿಟನ್ನಿನ ಇಕ್ಕಟ್ಟಾದ ಸುರಂಗಗಳಿಗೆ ತಕ್ಕಂತೆ ರೂಪಿಸಿದ ಮಾದರಿ ಅದಾದ್ದರಿಂದ ಈ ವಾಪಸಾತಿ ಸಾಧ್ಯವಾಯಿತು. ಇತ್ತ ಕ್ಯಾಲಿಫೋರ್ನಿಯಾ 2023ರಲ್ಲಿ, 23 ವರ್ಷ ದಾಟಿದ ಎಂಜಿನ್‌ಗಳನ್ನು 2030ರಿಂದ ರಾಜ್ಯದಲ್ಲಿ ಓಡಿಸಕೂಡದೆಂಬ ನಿಯಮ ತಂದಿತು. ಜಾರಿಯಾಗಿದ್ದರೆ ಸಣ್ಣ ರೈಲ್ವೆಗಳ ಬಹುತೇಕ ಬಳಗವೇ ಗುಜರಿಗೆ ಹೋಗುತ್ತಿತ್ತು. 2025ರ ಜನವರಿಯಲ್ಲಿ ಅದಕ್ಕೆ ಬೇಕಾದ ಕೇಂದ್ರದ ಅನುಮತಿಯ ಅರ್ಜಿಯನ್ನು ರಾಜ್ಯವೇ ಹಿಂತೆಗೆದುಕೊಂಡಿತು. ಹಳೆಯ ಯಂತ್ರದ ಹೊಗೆ ಹಳಿಯ ಪಕ್ಕದ ಬಡಾವಣೆಗಳಿಗೆ ಹಾನಿಕರ ಎಂಬುದು ನಿಜ, ಆ ಹೊರೆ ರೈಲು ಬಿಟ್ಟು ಲಾರಿಗೆ ಹೋದರೂ ಹೊಗೆ ಇದ್ದೇ ಇದೆ ಎಂಬುದೂ ನಿಜ. ಅಮೆರಿಕ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಮಾಡಿದಂತೆ ಎಂಜಿನ್ ಬದಲಾವಣೆಗೆ ಅನುದಾನ ಕೊಡುವ ದಾರಿ ನಿಷೇಧಕ್ಕಿಂತ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ಹೀಗಿರುವಾಗ ಖರೀದಿ ಒಪ್ಪಂದದಲ್ಲಿ ಎಂಜಿನ್ನಿನ ಬೆಲೆ ಒಂದು ಸಾಲು ಮಾತ್ರವಾಗಿರಬೇಕು. ಬಳಗದಲ್ಲಿ ಎರಡು ಮೂರು ತಯಾರಕರ ಎಂಜಿನ್‌ಗಳನ್ನು ಬೆರೆಸುವುದಕ್ಕಿಂತ, ದರ ತುಸು ಹೆಚ್ಚಾದರೂ ಒಂದೇ ಕುಟುಂಬದ ಯಂತ್ರಗಳನ್ನು ಕೊಳ್ಳುವುದು ಲಾಭ. ಓಡಿಸಲು ಹತ್ತು ಬೇಕಿದ್ದರೆ ಬಿಚ್ಚಿಕೊಳ್ಳಲು ಇನ್ನೂ ಮೂರನ್ನು ಗುಜರಿ ದರದಲ್ಲಿ ಅದೇ ವ್ಯವಹಾರದಲ್ಲಿ ಸೇರಿಸಿಕೊಳ್ಳಬೇಕು. ಮಿಗತೆ ಇರುವ ಇಂದಿನ ಪೇಟೆಯಲ್ಲಿ ಮಾರುವವರು ಅದಕ್ಕೆ ಒಪ್ಪುತ್ತಾರೆ, ಐದು ವರ್ಷದ ಮೇಲೆ ಕೇಳಿದರೆ ಆ ಎಂಜಿನ್‌ಗಳು ಕರಗಿಹೋಗಿರುತ್ತವೆ. ನಿರ್ವಹಣೆಯ ಪೂರ್ಣ ದಾಖಲೆ, ಬಿಡಿಭಾಗಗಳ ನಕ್ಷೆಗಳನ್ನು ಬೇರೆ ಕಾರ್ಖಾನೆಗೂ ಕೊಟ್ಟು ಮಾಡಿಸಿಕೊಳ್ಳುವ ಹಕ್ಕು, ಮಾರುವವರ ಶೆಡ್ಡಿನಲ್ಲಿ ತಮ್ಮ ಫಿಟ್ಟರ್‌ಗಳಿಗೆ ಆರು ತಿಂಗಳ ತರಬೇತಿ, ಇವು ಬರಹದಲ್ಲಿ ಇರಬೇಕು. ಕ್ರ್ಯಾಂಕ್‌ಶಾಫ್ಟ್, ಟರ್ಬೊ, ಟ್ರ್ಯಾಕ್ಷನ್ ಮೋಟಾರಿನ ಆರ್ಮೇಚರ್‌ಗಳಂಥ, ಬೇಗ ಮಾಡಿಸಲಾಗದ ಭಾಗಗಳನ್ನು ಎಂಜಿನ್ನಿನ ಜೊತೆಗೇ ಹಡಗಿಗೆ ಏರಿಸಬೇಕು. ಇಷ್ಟನ್ನೂ ಸೇರಿಸಿದಾಗ ಒಪ್ಪಂದದ ಮೊತ್ತ ಎಂಜಿನ್ನಿನ ಬರಿಯ ಬೆಲೆಗಿಂತ ಬಹಳ ಮೇಲೆ ಹೋಗುವುದು ಖಂಡಿತ. ಹೊಸ ಎಂಜಿನ್ನಿನ ದರದೊಂದಿಗೆ ಹೋಲಿಸಿ ನೋಡಬೇಕಾದದ್ದು ಆ ದೊಡ್ಡ ಮೊತ್ತವನ್ನೇ, ಪತ್ರಿಕಾ ಪ್ರಕಟಣೆಯಲ್ಲಿ ಬರುವ ಅಗ್ಗದ ಅಂಕಿಯನ್ನಲ್ಲ.